ಉಸಿರಾಡುವ ಹಾಳೆಮನೆ

ಎಲೆ ಉಸಿರಾಡುತ್ತದೆ. ಹಾಗಿದ್ದ ಮೇಲೆ ಎಲೆಯ ಮೇಲೆ ಹೊದಿಸುವ ಪ್ಲಾಸ್ಟಿಕ್ ಹಾಳೆ ಯಾಕೆ ಉಸಿರಾಡಬಾರದು?

ಈ ಪ್ರಶ್ನೆ ನೀಲಗಂಗಾಳಿಗೆ ಹೊಳೆದದ್ದು ಪ್ರಯೋಗಾಲಯದಲ್ಲಿ ಅಲ್ಲ, ಕಲಬುರಗಿಯಿಂದ ಶಹಾಬಾದಿಗೆ ಮರಳುವ ಸಂಜೆಯ ರೈಲಿನಲ್ಲಿ. ಎದುರಿನ ಸೀಟಿನಲ್ಲಿ ಕೂತ ಹೆಂಗಸೊಬ್ಬಳು ಪ್ಲಾಸ್ಟಿಕ್ ಚೀಲದಲ್ಲಿ ಕೊತ್ತಂಬರಿ ಕಟ್ಟು ಇಟ್ಟುಕೊಂಡಿದ್ದಳು. ಚೀಲದ ಒಳಮೈಯೆಲ್ಲ ಬೆವೆತು ಸೊಪ್ಪು ಬೆಂದಂತೆ ಕಪ್ಪಿಡುತ್ತಿತ್ತು. ಹೆಂಗಸು ಅದನ್ನು ನೋಡಿ, ಹಲ್ಲಿನಿಂದ ಚೀಲಕ್ಕೆ ಅಲ್ಲಲ್ಲಿ ಕಚ್ಚಿ ತೂತು ಮಾಡಿ ಮತ್ತೆ ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡತೊಡಗಿದಳು. ನೀಲಗಂಗಾ ಇಳಿಯಬೇಕಾದ ಸ್ಟೇಷನ್ ಬರುವವರೆಗೂ ಆ ತೂತುಗಳನ್ನೇ ನೋಡುತ್ತಿದ್ದಳು. ಈ ತೂತುಗಳು ಸೆಕೆಯಾದಾಗ ತಾವಾಗಿ ತೆರೆದು, ತಣ್ಣಗಾದಾಗ ತಾವಾಗಿ ಮುಚ್ಚಿಕೊಳ್ಳುವಂತಿದ್ದರೆ?

ಆ ವರ್ಷಗಳಲ್ಲಿ ಬೇಸಿಗೆ ಶಿವರಾತ್ರಿಗೆ ಮೊದಲೇ ಕಾಲಿಟ್ಟು ಕಾರಹುಣ್ಣಿಮೆ ಕಳೆದರೂ ಕಾಲು ತೆಗೆಯುತ್ತಿರಲಿಲ್ಲ. ಹಗಲು ಹೊತ್ತು ಬಯಲಿನಲ್ಲಿ ಕೆಲಸ ಮಾಡಬಾರದೆಂದು ಸರಕಾರವೇ ಕಾನೂನು ಮಾಡಿತ್ತು. ಸಂತೆ ಸೂರ್ಯ ಮುಳುಗಿದ ಮೇಲೆ ಕೂಡುತ್ತಿತ್ತು. ತರಕಾರಿ ದೂರದ ತಂಪು ಸೀಮೆಯಿಂದ ಐಸ್ ಲಾರಿಗಳಲ್ಲಿ ಬರಬೇಕು; ಬಂದರೂ ಟೊಮೆಟೊವನ್ನು ಮಾವಿನಹಣ್ಣಿನಂತೆ ಒಂದೊಂದಾಗಿ ಆರಿಸಿ ಕೊಳ್ಳುವ ಕಾಲ. ಮನೆಯ ಹಿತ್ತಿಲಲ್ಲಿ ಏನಾದರೂ ಹಾಕೋಣವೆಂದರೆ ಮೊಳಕೆ ನೆಲದಿಂದ ತಲೆ ಎತ್ತಿದ ದಿನವೇ ಸುಟ್ಟು ಹೋಗುತ್ತಿತ್ತು. ಮಾಮೂಲಿ ಪಾಲಿಹೌಸು ಕಟ್ಟಿದರೆ ಒಳಗೆ ಇನ್ನೂ ಸೆಕೆ. ಅದು ಚಳಿ ದೇಶದವರು ಚಳಿಗಾಗಿ ಕಂಡುಕೊಂಡ ಉಪಾಯ.

ನೀಲಗಂಗಾ ಕೆಲಸ ಮಾಡುತ್ತಿದ್ದ ಸಂಶೋಧನಾ ಕೇಂದ್ರ ಕಲಬುರಗಿಯ ಹೊರಗೆ, ಜೋಳದ ಹೊಲಗಳ ನಡುವೆ ಇತ್ತು. ಅಲ್ಲಿ ಅವಳೂ ಅವಳ ಮೇಲಧಿಕಾರಿ ಡಾ. ಇಂದುಧರ ಮಾಲಿಪಾಟೀಲರೂ ವರ್ಷಗಟ್ಟಲೆ ಕೂತು ಆ ಹಾಳೆಯನ್ನು ಮಾಡಿದರು. ಎಲೆಯ ಅಡಿಯಲ್ಲಿ ಕಣ್ಣಿಗೆ ಕಾಣದ ಬಾಯಿಗಳಿರುತ್ತವೆ, ಬಾಯಿಗೆ ಎರಡು ತುಟಿಗಳು. ತುಟಿ ಉಬ್ಬಿದರೆ ಬಾಯಿ ತೆರೆಯುತ್ತದೆ, ಸೊರಗಿದರೆ ಮುಚ್ಚುತ್ತದೆ. ಇವರ ಹಾಳೆಗೂ ಅಂಥವೇ ಲಕ್ಷಾಂತರ ಬಾಯಿಗಳು. ಹಾಳೆಯ ಅಂಚಿಗೆ ಬಿಸಿಲಿನಿಂದ ನಡೆಯುವ, ಅಂಗಿಯ ಗುಂಡಿಯಂಥ ಒಂದು ಪುಟ್ಟ ಯಂತ್ರ ಅಂಟಿಸಿದ್ದರು. ಎಷ್ಟು ಬಿಸಿಗೆ ಎಷ್ಟು ಬಾಯಿ ತೆರೆಯಬೇಕೆಂದು ಕೇಂದ್ರದಲ್ಲಿ ಕೂತೇ ಆ ಗುಂಡಿಗೆ ಹೇಳಬಹುದಿತ್ತು. ಒಳಗಿನ ಬಿಸಿ, ತೇವ, ಗಾಳಿಯ ಸ್ಥಿತಿಯನ್ನು ಗುಂಡಿ ಇವರಿಗೆ ಹೇಳುತ್ತಿತ್ತು. ಬೆಳಕು ಒಳಗೆ ಬರುತ್ತಿತ್ತು, ಉರಿ ಹೊರಗೇ ಉಳಿಯುತ್ತಿತ್ತು. ಎಲೆಗಳು ಬಿಟ್ಟ ನೀರಾವಿ ಒಳಗಿನ ಗಾಳಿಯನ್ನು ತಣಿಸಿ, ಮೇಲಿನ ಬಾಯಿಗಳಿಂದ ಹೊರಟು ಹೋಗುತ್ತಿತ್ತು. ನಡುಹಗಲಲ್ಲಿ ಮಾತ್ರ ಹಾಳೆ ಮಜ್ಜಿಗೆಯಂತೆ ಬೆಳ್ಳಗಾಗಿ ಬಾಯಿಗಳನ್ನು ಬಿಗಿದುಕೊಳ್ಳುತ್ತಿತ್ತು. ಗಿಡಗಳೂ ಆ ಹೊತ್ತಿನಲ್ಲಿ ನೀರು ಉಳಿಸಲು ಹಾಗೆಯೇ ಮಾಡುತ್ತವೆ.

ಹಾಳೆಯನ್ನು ಮನೆಗಳಲ್ಲಿ ಪರೀಕ್ಷಿಸುವ ಕಾಲ ಬಂದಾಗ ನೀಲಗಂಗಾ ಶಹಾಬಾದಿನ ತನ್ನ ಗಲ್ಲಿಯನ್ನೂ ಅದರ ಆಚೀಚಿನ ಗಲ್ಲಿಗಳನ್ನೂ ಸೂಚಿಸಿದಳು. ಇಂದುಧರರು ಮೊದಲು ಒಪ್ಪಲಿಲ್ಲ. ಸ್ವಂತ ಮನೆಯಲ್ಲೇ ಪರೀಕ್ಷೆ ಎಂದರೆ ಜನ ಏನೆಂದಾರು ಎಂದರು. ಅವಳು ಹೇಳಿದ್ದು ಇಷ್ಟೆ: ಶಹಾಬಾದಿನಲ್ಲಿ ನೆಲ, ಗೋಡೆ, ಸೂರು ಎಲ್ಲವೂ ಫರಸಿ ಕಲ್ಲು, ಆ ಊರಿನ ಹಿತ್ತಿಲಲ್ಲಿ ಗಿಡ ಬದುಕಿದರೆ ಲೋಕದಲ್ಲಿ ಎಲ್ಲಿಯೂ ಬದುಕುತ್ತದೆ.

ಮಾಗಿಯ ಕೊನೆಯಲ್ಲಿ ಅವಳ ಹಿತ್ತಿಲಲ್ಲಿ ಮೊದಲ ಹಾಳೆಮನೆ ಎದ್ದಿತು. ಹಾಸಿದ್ದ ಫರಸಿಗಳನ್ನು ಹಾರೆಯಿಂದ ಎಬ್ಬಿಸಿ, ಟ್ರ್ಯಾಕ್ಟರಿನಲ್ಲಿ ಎರೆಮಣ್ಣು ತರಿಸಿ, ಕೊಟ್ಟಿಗೆ ಗೊಬ್ಬರ ಕಲಸಿ ಎರಡು ಉದ್ದ ಮಡಿಗಳನ್ನು ಮಾಡಿದರು. ಬಾಗಿಸಿದ ಪೈಪುಗಳನ್ನು ಮಂಟಪದ ಕಮಾನಿನಂತೆ ಸಾಲಾಗಿ ಊರಿದರು. ಎರಡು ಬದಿಗೂ ಮೊಳದಾಳದ ಕಾಲುವೆ ತೋಡಿ ಹಾಳೆಯ ಅಂಚನ್ನು ಅದರಲ್ಲಿ ಹೂತರು. ಹಾಳೆ ಎಳೆಯುವ ಕೆಲಸವನ್ನು ಬಿಸಿಲೇರಿದ ಮೇಲೆಯೇ ಮಾಡಬೇಕೆಂದು ನೀಲಗಂಗಾ ಹಟ ಹಿಡಿದಳು. ಬಿಸಿಗೆ ಸಡಿಲಾದ ಹಾಳೆ ಸಂಜೆ ತಣಿದಾಗ ತಮಟೆಯಂತೆ ಬಿಗಿಯುತ್ತದೆ, ಆಗ ಗಾಳಿಗೆ ಪಟಪಟಿಸಿ ಹರಿಯುವುದಿಲ್ಲ.

ಅವಳ ಮಾವ ಅಣವೀರಪ್ಪ ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು. ಅವರು ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ನೋಡುತ್ತ, ಸೊಸೆ ಮನೆಯ ಹಿಂದೆ ಗೂಡ್ಸ್ ಗಾಡಿ ನಿಲ್ಲಿಸಿದ್ದಾಳೆಂದು ಬಂದವರಿಗೆಲ್ಲ ಹೇಳಿದರು. ಆದರೆ ಮೆಂತ್ಯ ಮೊಳೆತ ಬೆಳಿಗ್ಗೆಯಿಂದ ಒಳಗೆ ಹೋದವರು ಹೊರಗೆ ಬರುವುದೇ ಅಪರೂಪವಾಯಿತು. ಪುಂಡಿಪಲ್ಯ, ಬಸಳೆ, ಟೊಮೆಟೊ, ಬದನೆ ಎಲ್ಲ ಹಾಕಿದರು. ಹೀರೆ ಬಳ್ಳಿಯನ್ನು ಕಮಾನಿಗೆ ಹಬ್ಬಿಸಿದರು. ಹಾಳೆಯೊಳಗೆ ಜೇನು ಬಾರದ್ದರಿಂದ ಹೀರೆ ಹೀಚು ಕಟ್ಟದೆ ಉದುರುತ್ತಿದ್ದಾಗ, ಸಂಜೆ ಹೂವರಳುವ ಹೊತ್ತಿಗೆ ಗಂಡುಹೂ ಕಿತ್ತು ಹೆಣ್ಣುಹೂವಿಗೆ ಮುಟ್ಟಿಸಬೇಕೆಂದು ನೀಲಗಂಗಾ ತೋರಿಸಿಕೊಟ್ಟಳು. ಮುದುಕರು ಮೊದಲು ನಾಚಿಕೊಂಡರು. ಆಮೇಲೆ ದಿನಾ ಸಂಜೆ ಅದೇ ಅವರ ಪೂಜೆಯಾಯಿತು. ಬೇರೆ ಹಿತ್ತಿಲುಗಳಲ್ಲೂ ಒಂದೊಂದಾಗಿ ಹಾಳೆಮನೆಗಳೆದ್ದವು. ಎಷ್ಟೋ ವರ್ಷಗಳ ಮೇಲೆ ಆ ಗಲ್ಲಿಗಳ ಮನೆಗಳಲ್ಲಿ ಬೇಸಿಗೆಯಲ್ಲೂ ಜೋಳದ ರೊಟ್ಟಿಯ ಜೊತೆ ಆಗಷ್ಟೇ ಕಿತ್ತ ಪುಂಡಿಪಲ್ಯ ಬೆಂದಿತು.

ಪರೀಕ್ಷೆಗೆ ಒಂದು ಕಟ್ಟುನಿಟ್ಟಿತ್ತು. ನಡುಹಗಲಲ್ಲಿ ಹಾಳೆ ಬಾಯಿ ಬಿಗಿದಾಗ ಯಾರೂ ಬಾಗಿಲು ತೆರೆಯಬಾರದು, ಒಳಗಿರಬಾರದು. ಬೆಳೆಯ ಲೆಕ್ಕ ಶುದ್ಧವಾಗಿ ಬಂದರೆ ಮಾತ್ರ ಹಾಳೆ ಇಡೀ ಜಿಲ್ಲೆಗೆ ಹೋಗುತ್ತದೆ. ಕೆಟ್ಟರೆ ಇಷ್ಟು ವರ್ಷದ ಕೆಲಸ ಬೀರುವಿಗೆ.

ಯುಗಾದಿ ಕಳೆದ ಮೇಲೆ ಒಂದು ದಿನ ಕೇಂದ್ರದ ನಿಯಂತ್ರಣ ಕೋಣೆಯಲ್ಲಿ ಕೂತಿದ್ದ ನೀಲಗಂಗಾಳ ಕಣ್ಣಿಗೆ ಒಂದು ಹಳದಿ ಚುಕ್ಕೆ ಬಿತ್ತು. ಗೋಡೆಯ ಪರದೆಯ ಮೇಲೆ ಶಹಾಬಾದಿನ ಪ್ರತಿ ಹಾಳೆಮನೆಗೂ ಒಂದೊಂದು ಹಸಿರು ಚುಕ್ಕೆ. ಹಳದಿಯಾಗಿದ್ದುದು ಅವಳ ಸ್ವಂತ ಮನೆಯದು. ಮಧ್ಯಾಹ್ನ ಒಳಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತಿತ್ತು. ಗಿಡಗಳು ಹಗಲಲ್ಲಿ ಅದನ್ನು ಕುಡಿದು ಕಡಿಮೆ ಮಾಡಬೇಕಲ್ಲದೆ ಹೆಚ್ಚಿಸುವುದಿಲ್ಲ. ಹಿಂದಿನ ದಿನಗಳ ಗೆರೆ ತೆಗೆದು ನೋಡಿದಳು. ಒಂದು ವಾರದಿಂದ ಅದೇ ಕಥೆ. ಮಾವನಿಗೆ ಫೋನ್ ಮಾಡಿದಳು, ಅವರು ಎತ್ತಲಿಲ್ಲ. ಮಧ್ಯಾಹ್ನದ ರೈಲು ಹತ್ತಿ ಊರಿಗೆ ಹೋದಳು.

ಹಿತ್ತಿಲಿಗೆ ಬಂದರೆ ಹಾಳೆಮನೆಯ ಎರಡೂ ಬಾಗಿಲುಗಳು ಹಾರುಹೊಡೆದಿದ್ದವು. ಒಂದು ಬಾಗಿಲಿಗೆ ಒದ್ದೆ ಗೋಣಿತಾಟು ತೂಗುಬಿಟ್ಟಿತ್ತು. ಒಳಗೆ ಹೀರೆ ಬಳ್ಳಿಯ ಅಡಿಯಲ್ಲಿ ಒಂದು ಹೊರಸು. ಹೊರಸಿನ ಮೇಲೆ ಪಕ್ಕದ ಮನೆಯ ಸೊಸೆ ಮೆಹರುನ್ನಿಸಾ, ಅವಳ ಮಡಿಲಲ್ಲಿ ತಿಂಗಳು ತುಂಬುವ ಮೊದಲೇ ಹುಟ್ಟಿದ ಹಸುಗೂಸು. ಮೆಹರುನ್ನಿಸಾಳ ಅತ್ತೆ ಖುತೀಜಾಬೀ ಕೆಳಗೆ ಕೂತು ಕೂಸಿನ ಅಂಗಾಲಿಗೆ ಗಾಳಿ ಹಾಕುತ್ತಿದ್ದಳು. ಬಾಗಿಲ ಬಳಿ ಅಣವೀರಪ್ಪ ಹೆಗಲಿಗೆ ಟವೆಲು ಹಾಕಿಕೊಂಡು ಸ್ಟೂಲಿನ ಮೇಲೆ ಕಾವಲಿದ್ದರು.

“ಯಾರ್ನ ಕೇಳಿ ಬಾಗ್ಲಾ ತೆಗದ್ರಿ, ಮಾವಾರ?” ಎಂದಳು ನೀಲಗಂಗಾ. ಅವಳ ದನಿ ಅವಳಿಗೇ ಗಡುಸಾಗಿ ಕೇಳಿಸಿತು.

“ಯಾರ್ನ ಕೇಳ್ಬೇಕಾಗಿತ್ತವ್ವ? ಕೂಸು ಅಳೋದೂ ಬಿಟ್ಟಿತ್ತು,” ಎಂದರು ಮುದುಕರು. “ಅವರ ಮನಿ ಕಲ್ಲಿನ ಸೂರು ಕಾದ ಹಂಚು ಆಗ್ಯದ. ಫ್ಯಾನ್ ತಿರುಗಿದ್ರ ಬೆಂಕಿನೇ ಬೀಸ್ತದ. ಇಲ್ಲಿ ತಂದು ಮಲಗಿಸಿದ್ವಿ, ಒಂದ್ ತಾಸಿನಾಗ ಹಾಲು ಕುಡೀತು. ನಿನ್ನ ಕೆಲಸ ಕೆಡ್ತದ ಅಂತ ನಂಗೊತ್ತಿತ್ತು. ಅದಕ್ಕೇ ಹೇಳ್ಲಿಲ್ಲ.”

ಮೆಹರುನ್ನಿಸಾ ಕೂಸನ್ನು ಎತ್ತಿಕೊಂಡು ಏಳಲು ಹೊರಟಳು. ನೀಲಗಂಗಾ ಅವಳ ಭುಜ ಹಿಡಿದು ಕೂರಿಸಿದಳು. ಚೀಲದಿಂದ ಉಷ್ಣಮಾಪಕ ತೆಗೆದು ಮೊದಲು ಖುತೀಜಾಬೀಯ ಮನೆಗೆ ಹೋಗಿ ನೋಡಿದಳು: ನಲವತ್ಮೂರು ಡಿಗ್ರಿ. ಬಳ್ಳಿಯಡಿ ಹೊರಸಿನ ಮೇಲೆ ಹಿಡಿದು ನೋಡಿದಳು: ಮೂವತ್ಮೂರು. ಆಮೇಲೆ ಅಲ್ಲೇ ಮಡಿಯ ಅಂಚಿನಲ್ಲಿ ಕೂತುಬಿಟ್ಟಳು. ಗಿಡಕ್ಕೆಂದು ಮಾಡಿದ್ದ ಮನೆಯಲ್ಲಿ ಅವಳು ಇದುವರೆಗೆ ಒಮ್ಮೆಯೂ ಸುಮ್ಮನೆ ಕೂತಿರಲಿಲ್ಲ. ಕೂತರೆ ಬೆನ್ನಿನ ಬೆವರು ಆರುವುದು ತಿಳಿಯುತ್ತಿತ್ತು.

ಮರುದಿನ ಇಂದುಧರರಿಗೆ ಎಲ್ಲವನ್ನೂ ಹೇಳಿದಳು. ಅವರು ರೇಗಲಿಲ್ಲ. ಅವಳ ಮನೆಯ ಲೆಕ್ಕವನ್ನು ಪರೀಕ್ಷೆಯಿಂದ ಬಿಟ್ಟುಬಿಡೋಣ, ಕೂಸು ಅಲ್ಲೇ ಇರಲಿ ಎಂದರು. ಆದರೆ ಅವಳು ಕೇಳಲು ಬಂದದ್ದು ಬೇರೆ. ಹಾಳೆಯ ಬಾಯಿಗಳನ್ನು ಮನುಷ್ಯರಿಗೆ ಹೊಂದುವಂತೆ ತೆರೆಯುವ ಇನ್ನೊಂದು ಮಟ್ಟ ಮಾಡೋಣ, ಕೆಳಗಿನ ಬಾಯಿಗಳಿಂದ ಒಣಗಾಳಿ ಬಂದು ಎಲೆಗಳ ನಡುವೆ ತಣಿದು ಮೇಲಿನಿಂದ ಹೋಗಲಿ ಎಂದಳು. ಇಂದುಧರರು ತಲೆಯಾಡಿಸಿದರು. ಹಾಗೆ ತೆರೆದಿಟ್ಟರೆ ಗಿಡಗಳು ಅರ್ಧ ದಿನದಲ್ಲಿ ತಮ್ಮ ನೀರನ್ನೆಲ್ಲ ಕಳೆದುಕೊಂಡು ಬಾಡುತ್ತವೆ. ಗಿಡ ಬಾಡಿದರೆ ತಂಪು ನಿಲ್ಲುತ್ತದೆ. ಆಮೇಲೆ ಅದು ಬಿಸಿಲಲ್ಲಿಟ್ಟ ಪ್ಲಾಸ್ಟಿಕ್ ಚೀಲ, ಒಳಗಿರುವುದು ಮನುಷ್ಯರು ಎಂದರು.

ಅವರ ಮಾತು ನಿಜವೇ ಎಂದು ತಿಳಿಯಲು ನೀಲಗಂಗಾ ಕೇಂದ್ರದ ಹಿಂದಿದ್ದ ಪ್ರಯೋಗದ ಹಾಳೆಮನೆಯ ಬಾಯಿಗಳನ್ನು ತೆರೆಸಿ, ಒಳಗೆ ತಾನೇ ಹೋಗಿ ಕೂತಳು. ಮೊದಲು ಹಿತವಾಗಿತ್ತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಟೊಮೆಟೊ ಗಿಡಗಳು ಬಾಡಿ ತಲೆ ಬಾಗಿಸಿದವು. ನೋಡುನೋಡುತ್ತಿದ್ದಂತೆ ಒಳಗೆ ಬಿಸಿ ಏರಿತು. ಕಣ್ಣು ಮಂಜಾಗುವ ಮೊದಲೇ ಇಂದುಧರರು ಬಂದು ಅವಳನ್ನು ಹೊರಗೆ ಕರೆದುಕೊಂಡು ಹೋದರು. ಅವರು ಹೇಳಿದ್ದು ಸರಿಯಾಗಿತ್ತು. ಆದರೆ ಹೊರಬರುವಾಗ ಅವಳು ಒಂದನ್ನು ಗಮನಿಸಿದ್ದಳು: ಮೂಲೆಯ ಹೀರೆ ಮತ್ತು ಬಸಳೆ ಬಳ್ಳಿಗಳು ಇನ್ನೂ ನಿಂತಿದ್ದವು. ಅವುಗಳ ಬುಡಕ್ಕೆ ಯಾರೋ ಜೋಳದ ಒಣ ದಂಟಿನ ಸೊಪ್ಪೆ ಮುಚ್ಚಿ, ಕೈ ತೊಳೆದ ನೀರನ್ನೆಲ್ಲ ಅಲ್ಲೇ ಸುರಿಯುತ್ತಿದ್ದರು.

ಅಲ್ಲಿಂದ ಮುಂದೆ ಇಬ್ಬರೂ ಕೂಡಿಯೇ ಅದರ ಹಿಂದೆ ಬಿದ್ದರು. ಯಾವ ಬಳ್ಳಿ ಎಷ್ಟು ನೀರು ಕುಡಿದರೆ ಎಷ್ಟು ತಂಪು ಕೊಡುತ್ತದೆ, ಬುಡಕ್ಕೆ ಏನು ಹೊದಿಸಬೇಕು, ಎಷ್ಟು ಜನ ಕೂತರೆ ಗಾಳಿ ಕೆಡುವುದಿಲ್ಲ ಎಂದು ನೋಡುತ್ತ ಹೋದರು. ಹಾಳೆಗೆ ಹೊಸ ಮಟ್ಟವೊಂದು ಸಿದ್ಧವಾಯಿತು. ಅದಕ್ಕೆ ಹೆಸರೇನೂ ಇಡಲಿಲ್ಲ. ಮುಂದಿನ ವರ್ಷ ಬೇರೆ ಅನುಮತಿ ಪಡೆದು ನೋಡೋಣವೆಂದು ಎತ್ತಿಟ್ಟರು. ಬೇಸಿಗೆ ಮುಂದಿನ ವರ್ಷದವರೆಗೆ ಕಾಯಲಿಲ್ಲ.

ಬಸವ ಜಯಂತಿಯ ಮರುವಾರ ಬಂದ ಬಿಸಿಗಾಳಿಯನ್ನು ಹಿರಿಯರೂ ಕಂಡಿರಲಿಲ್ಲ. ಮರದಲ್ಲಿ ಕೂತ ಗಿಳಿಗಳು ನೆಲಕ್ಕೆ ಬೀಳುತ್ತಿದ್ದವು. ರೈಲಿನ ಕಂಬಿಗಳು ಸೊಟ್ಟಗಾಗಿ ಗಾಡಿಗಳು ನಿಂತವು. ಎರಡನೆಯ ದಿನ ಜಿಲ್ಲೆಗೆ ಜಿಲ್ಲೆಯೇ ಕರೆಂಟು ಹೋಯಿತು. ನೀಲಗಂಗಾಳ ಗಂಡ ಚನ್ನವೀರ ಲೈನ್‌ಮನ್ ಆಗಿದ್ದ. ಅವನು ಎಲ್ಲಿಂದಲೋ ಫೋನ್ ಮಾಡಿ, ಟ್ರಾನ್ಸ್‌ಫಾರ್ಮರುಗಳು ಸಾಲಾಗಿ ಸುಟ್ಟಿವೆ, ಬದಲಿಸಲು ದಿನಗಳೇ ಹಿಡಿಯುತ್ತವೆ, ಅಪ್ಪನನ್ನು ನೋಡಿಕೋ ಎಂದಷ್ಟೇ ಹೇಳಿದ.

ನಿಯಂತ್ರಣ ಕೋಣೆ ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ರೈಲು ನಿಂತು ಅಲ್ಲೇ ಉಳಿದಿದ್ದ ನೀಲಗಂಗಾ ಪರದೆಯ ಮುಂದೆ ನಿಂತಿದ್ದಳು. ಶಹಾಬಾದಿನ ಚುಕ್ಕೆಗಳು ಒಂದರ ಹಿಂದೊಂದು ಹಳದಿಯಾಗುತ್ತಿದ್ದವು. ಯಾರೂ ಹೇಳದಿದ್ದರೂ ಜನ ಹಾಳೆಮನೆಗಳನ್ನು ಹೊಗುತ್ತಿದ್ದರು, ಹಾಳೆಗಳು ಮಾತ್ರ ನಡುಹಗಲ ನೇಮದಂತೆ ಬಾಯಿ ಬಿಗಿದುಕೊಂಡೇ ಇದ್ದವು. ಒಳಗಿದ್ದವರು ಉಸಿರುಗಟ್ಟಿ ಹೊರಬರಬೇಕು, ಹೊರಬಂದರೆ ಬೆಂಕಿ. ಹೊಸ ಮಟ್ಟವನ್ನು ಈಗ ಗುಂಡಿಗಳಿಗೆ ಕಳಿಸಿದರೆ ಬಾಯಿಗಳು ತೆರೆಯುತ್ತವೆ. ಜೊತೆಗೆ ಈ ಋತುವಿನ ಬೆಳೆಯ ಲೆಕ್ಕ ಪೂರ್ತಿ ಹಾಳಾಗುತ್ತದೆ. ಅನುಮತಿಯಂತೂ ಇಲ್ಲ.

ಅವಳು ಇಂದುಧರರ ಕಡೆ ತಿರುಗಿದಳು. ಅವರು ಕುರ್ಚಿಯಲ್ಲಿ ಕೂತು ಕನ್ನಡಕ ಒರೆಸುತ್ತಿದ್ದರು. ಹಾಳೆಯ ಮೊದಲ ಚೂರು ಬಾಯಿ ತೆರೆದ ದಿನ ಈ ಮನುಷ್ಯ ಮಗುವಿನಂತೆ ಅತ್ತಿದ್ದನ್ನು ಅವಳು ನೋಡಿದ್ದಳು.

“ಕಳಸು, ನೀಲಗಂಗಾ,” ಎಂದರು ಅವರು. “ಬೆಳಿ ಮುಂದಿನ ವರ್ಷಾನೂ ಬರ್ತದ.”

ಕಳಿಸಿದ ಮೇಲೆ ಅವರೇ ಕಾರಿನ ಕೀಲಿ ತೆಗೆದುಕೊಂಡರು. ಬಾಯಿ ತೆರೆದರಷ್ಟೇ ಸಾಲದು, ನೀರು ಹೇಗೆ ಹಾಕಬೇಕೆಂದು ಅಲ್ಲಿಯವರಿಗೆ ಹೇಳಬೇಕು ಎಂದರು. ಡಾಂಬರು ಕರಗಿ ಟೈರಿಗೆ ಅಂಟುತ್ತಿದ್ದ ರಸ್ತೆಯಲ್ಲಿ ಇಬ್ಬರೂ ಶಹಾಬಾದು ಮುಟ್ಟಿದಾಗ ಹೊತ್ತು ಇಳಿದಿತ್ತು.

ಗಲ್ಲಿಯಲ್ಲಿ ಆಗಲೇ ಒಂದು ವ್ಯವಸ್ಥೆ ಎದ್ದಿತ್ತು. ಗಾರ್ಡ್ ಆಗಿದ್ದ ಅಣವೀರಪ್ಪ ಯಾವ ಹಾಳೆಮನೆಗೆ ಯಾರು ಎಂದು ಗಾಡಿಯ ಡಬ್ಬಿ ಹಂಚಿದಂತೆ ಹಂಚಿಬಿಟ್ಟಿದ್ದರು. ಕೂಸುಗಳು, ಬಸುರಿಯರು, ಮುದುಕರು, ಬೇನೆಬಿದ್ದವರು ಹಗಲೆಲ್ಲ ಒಳಗೆ. ಉಳಿದವರು ಪಾಳಿಯ ಮೇಲೆ ಬಂದು ತಣಿದು ಹೋಗಬೇಕು. ಟೊಮೆಟೊ ಕಿತ್ತು ಆ ಜಾಗದಲ್ಲಿ ಚಾಪೆ ಹಾಸಿದ್ದರು. ಇಂದುಧರರು ಮನೆಮನೆಗೆ ಹೋಗಿ, ಬಳ್ಳಿಯ ಬುಡಕ್ಕೆ ಸೊಪ್ಪೆಯೋ ಹಳೆ ಸೀರೆಯೋ ಹೊದಿಸಿ ಅದರ ಮೇಲೆ ನೀರು ಹಾಕಿರಿ ಎಂದು ಹೇಳಿದರು. ಮುಸುರೆ ನೀರು, ಮೈತೊಳೆದ ನೀರು, ಅಕ್ಕಿ ತೊಳೆದ ನೀರು, ಎಲ್ಲವೂ ಬಳ್ಳಿಗೆ ಹೋಯಿತು. ಮರುದಿನ ಹೊರಗೆ ನಲವತ್ತೊಂಬತ್ತು ಡಿಗ್ರಿ. ಹೀರೆಯ ಚಪ್ಪರದಡಿ ಕೂಸು ಕೈಕಾಲು ಬಡಿಯುತ್ತ ಎಚ್ಚರವಿತ್ತು.

ಅದರ ಮಾರನೆಯ ದಿನ ನೀರಿನ ಟ್ಯಾಂಕರು ಬರಲಿಲ್ಲ. ಕರೆಂಟಿಲ್ಲದೆ ಬೋರ್‌ವೆಲ್ಲುಗಳೂ ಸತ್ತಿದ್ದವು. ಮನೆಗಳಲ್ಲಿ ಉಳಿದದ್ದು ಕುಡಿಯುವ ಕೊಡದ ನೀರು ಮಾತ್ರ. ಮೈತೊಳೆಯುವುದು ನಿಂತಿತು, ಮುಸುರೆ ನಿಂತಿತು. ಮಧ್ಯಾಹ್ನಕ್ಕೆ ಬಸಳೆಯ ಎಲೆ ಮಡಚಿಕೊಂಡಿತು. ನೀಲಗಂಗಾಳ ಕೈಯ ಉಷ್ಣಮಾಪಕ ಮೂವತ್ತಾರಕ್ಕೆ ಏರಿ, ನಿಲ್ಲದೆ ಮೇಲಕ್ಕೆ ಹೊರಟಿತು.

ಹೊತ್ತು ಮುಳುಗುವಾಗ ಜನ ಅಣವೀರಪ್ಪನವರ ಹಿತ್ತಿಲಲ್ಲಿ ಸೇರಿದರು. ಕುಡಿಯುವ ನೀರನ್ನು ಗಿಡಕ್ಕೆ ಹಾಕುವುದೆಂದರೇನೆಂದು ಕೆಲವರು ಕೇಳಿದರು. ಗಿಡಕ್ಕೆ ಹಾಕದಿದ್ದರೆ ನಾಳೆ ಕೂರುವುದೆಲ್ಲಿ ಎಂದು ಕೆಲವರು. ಇಂದುಧರರು, ಎರಡೂ ನಿಜ, ಅದಕ್ಕೇ ಬೇರೆ ನೀರು ಬೇಕು, ಕುಡಿಯಲು ಬಾರದ್ದಾದರೂ ಸರಿ ಎಂದರು. ಆಗ ಯಾರೋ ಖಣಿ ಎಂದು ಬಾಯಿ ತೆಗೆದು ಅಲ್ಲಿಗೇ ನಿಲ್ಲಿಸಿದರು.

ಗಲ್ಲಿಯ ಕೊನೆಗೆ ಫರಸಿ ತೆಗೆದು ಬಿಟ್ಟ ಹಳೆಯ ಖಣಿಯೊಂದಿತ್ತು. ಅದರ ಆಳದಲ್ಲಿ ವರ್ಷವಿಡೀ ಮಳೆನೀರು ಹಸಿರುಗಟ್ಟಿ ನಿಂತಿರುತ್ತಿತ್ತು. ಹನ್ನೆರಡು ವರ್ಷದ ಹಿಂದೆ ಖುತೀಜಾಬೀಯ ಹಿರಿಮಗ ಯೂಸುಫ್ ಶಾಲೆಗೆ ರಜೆಯಿದ್ದ ದಿನ ಅಲ್ಲಿ ಈಜಲು ಇಳಿದವನು ಮೇಲೆ ಬರಲಿಲ್ಲ. ಅಂದಿನಿಂದ ಜನ ಅದರ ಸುತ್ತ ಮುಳ್ಳು ಹಾಕಿ, ಅದರ ಹೆಸರೆತ್ತುವುದನ್ನೂ ಬಿಟ್ಟಿದ್ದರು. ಖುತೀಜಾಬೀಯ ಎದುರಿಗಂತೂ ಆ ದಿಕ್ಕಿಗೆ ಕೈ ಸಹ ತೋರುತ್ತಿರಲಿಲ್ಲ. ಅವಳ ಮನೆಯ ಆ ಕಡೆಯ ಕಿಟಕಿಗೆ ಕಲ್ಲು ಕಟ್ಟಿ ಮುಚ್ಚಿದ್ದರು.

ಖುತೀಜಾಬೀ ಬಳ್ಳಿಯ ಕೆಳಗೆ ಕೂತಿದ್ದಳು. ಮೊಮ್ಮಗನನ್ನು ಸೊಸೆಯ ಕೈಗೆ ಕೊಟ್ಟು ಸೆರಗು ತಲೆಯ ಮೇಲೆ ಎಳೆದುಕೊಂಡಳು.

“ಆ ನೀರ್ ತರ್ರಿ,” ಎಂದಳು.

ಅಣವೀರಪ್ಪ, ಬ್ಯಾಡ ತಂಗಿ, ಬೇರೆ ಏನಾರ ನೋಡ್ತೀವಿ ಎಂದು ಮೆಲ್ಲಗೆ ಅಂದರು.

“ಏನ್ ನೋಡ್ತೀರಿ, ಅಣ್ಣಾ? ನಂದೊಂದ್ ಕೂಸು ತಗೊಂಡದ ಅದು. ಇನ್ನೊಂದ್ ಕೂಸು ಉಳಸ್ಲಿ.” ಅವಳೇ ಖಣಿಯ ದಿಕ್ಕಿಗೆ ಕೈ ತೋರಿದಳು. “ಪೂರ್ವದ ಕಡೀ ಪಾವಟಿಗಿ ಜಾರ್ತಾವ. ಪಡುವಣ ಕಡಿಂದ ಇಳೀರಿ. ಹಗ್ಗಾ ಕಟ್ಕೊಂಡು ಇಳೀರಿ.”

ಖಣಿಯ ಮೆಟ್ಟಿಲುಗಳು ಅವಳಿಗೆ ಅಷ್ಟು ಚೆನ್ನಾಗಿ ಹೇಗೆ ನೆನಪಿದ್ದವೆಂದು ಯಾರೂ ಕೇಳಲಿಲ್ಲ.

ಆ ಸಂಜೆಯೇ ಮುಳ್ಳು ಸರಿಸಿದರು. ಗಟ್ಟಿ ಆಳುಗಳು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಪಡುವಣ ಬದಿಯಿಂದ ನೀರಿನವರೆಗೆ ಸಾಲಾಗಿ ನಿಂತರು. ಬಕೆಟ್ಟು, ಕೊಡ, ಡಾಲ್ಡಾ ಡಬ್ಬಿ, ಸಿಕ್ಕಿದ್ದೆಲ್ಲ ಕೈಯಿಂದ ಕೈಗೆ ಮೇಲಕ್ಕೆ ಬಂತು. ಮೇಲಿನಿಂದ ಗಲ್ಲಿಯುದ್ದಕ್ಕೂ ಹೆಂಗಸರ ಸಾಲು. ನೀಲಗಂಗಾ ಆ ಸಾಲಿನಲ್ಲಿ ಒಂದು ಕಡೆ, ಇಂದುಧರರು ಇನ್ನೊಂದು ಕಡೆ. ಅವರ ಬಿಳಿ ಅಂಗಿ ಪಾಚಿಯ ನೀರಿಗೆ ಹಸಿರಾಗಿತ್ತು. ಒಮ್ಮೆ ಕೊಡ ಜಾರಿ ಅವರ ಪಾದದ ಮೇಲೆ ಬಿದ್ದು ಹೆಬ್ಬೆರಳ ಉಗುರು ಕಪ್ಪಾಯಿತು. ಅವರು ಕುಂಟುತ್ತಲೇ ಮುಂದಿನ ಕೊಡಕ್ಕೆ ಕೈಚಾಚಿದರು. ಖುತೀಜಾಬೀ ಮಾತ್ರ ಖಣಿಯ ಕಡೆಗೆ ಹೋಗಲಿಲ್ಲ. ಹಿತ್ತಿಲಲ್ಲೇ ನಿಂತು, ಬಂದ ನೀರನ್ನು ತಂಬಿಗೆಯಿಂದ ಒಂದೊಂದೇ ಬಳ್ಳಿಯ ಬುಡಕ್ಕೆ ಹೊಯ್ಯುತ್ತಿದ್ದಳು.

ಬೆಳಗಿನ ಜಾವ ಮತ್ತೊಮ್ಮೆ ತಂದರು. ಮಧ್ಯಾಹ್ನಕ್ಕೆ ಬಸಳೆ ಎಲೆ ಬಿಚ್ಚಿತು. ಹೀಗೆ ಬಿಸಿಗಾಳಿ ಮುಗಿಯುವವರೆಗೂ ಎರಡು ಹೊತ್ತು ಖಣಿಯ ನೀರು ಗಲ್ಲಿಯಲ್ಲಿ ಹರಿಯಿತು. ಮೂರನೆಯ ಗಲ್ಲಿಯ ಒಂದು ಹಾಳೆಮನೆಯಲ್ಲಿ ಬಳ್ಳಿಗಳು ಏನು ಮಾಡಿದರೂ ಬದುಕಲಿಲ್ಲ. ಅಲ್ಲಿದ್ದವರನ್ನು ಬೇರೆ ಕಡೆಗೆ ಕರೆದುಕೊಂಡರು, ಎಲ್ಲ ಕಡೆ ಇಕ್ಕಟ್ಟಾಯಿತು. ಸೆಕೆಯಲ್ಲಿ ಜಗಳಗಳಾದವು, ಚಾಪೆಯ ಅಂಚಿಗಾಗಿ ಮುದುಕಿಯರು ಬೈದಾಡಿಕೊಂಡರು, ಮತ್ತೆ ಒಂದೇ ತಂಬಿಗೆಯಿಂದ ನೀರು ಕುಡಿದರು. ಇಂದುಧರರು ಹೀರೆಯ ಗಂಡುಹೂ ಹೆಣ್ಣುಹೂಗಳನ್ನು ಮುಟ್ಟಿಸುವುದನ್ನು ಅಣವೀರಪ್ಪನವರಿಂದ ಕಲಿತರು. ಹಾಳೆ ಮಾಡಿದವರು ನೀವೇ ಅಂತೀರಿ, ಇಷ್ಟೂ ಗೊತ್ತಿಲ್ಲೇನು ಎಂದು ಮುದುಕರು ಅವರನ್ನು ಕೆಣಕಿದರು. ಇಂದುಧರರು ಮೊದಲ ಸಲ ಬಾಯ್ತುಂಬ ನಕ್ಕದ್ದು ಆಗ.

ಕೊನೆಗೊಂದು ಸಂಜೆ ಆಗ್ನೇಯದಿಂದ ಧೂಳೆದ್ದು ಅಡ್ಡಮಳೆ ಹೊಡೆಯಿತು. ಹನಿಗಳು ಹಾಳೆಯ ಮೇಲೆ ಬಿದ್ದ ಸದ್ದಿಗೆ ಕೂಸು ಬೆಚ್ಚಿ ಅತ್ತಿತು. ಮೆಹರುನ್ನಿಸಾ ಅದನ್ನೆತ್ತಿಕೊಂಡು ಹೊರಗೆ ಬಂದು ಮಳೆಯಲ್ಲಿ ನಿಂತಳು. ಗಾಳಿಗೆ ಎರಡು ಹಾಳೆಮನೆಗಳು ಹರಿದು ಹಾರಿದವು. ಯಾರೂ ಅವುಗಳ ಹಿಂದೆ ಓಡಲಿಲ್ಲ.

ಆ ವಾರ ಊರಿನ ಬೇರೆ ಓಣಿಗಳಿಂದ ಹೆಣಗಳು ಹೋದವು. ಮಸೀದಿಯಲ್ಲೂ ಮಠದಲ್ಲೂ ಸಾವಿನ ಸುದ್ದಿಯೇ. ಈ ಗಲ್ಲಿಗಳಲ್ಲಿ ಒಬ್ಬರೂ ಸಾಯಲಿಲ್ಲ. ಚನ್ನವೀರ ಕಂಬಗಳ ಕೆಲಸ ಮುಗಿಸಿ, ಮುಖವೆಲ್ಲ ಸುಟ್ಟು ಸಿಪ್ಪೆಯೆದ್ದು ಮನೆಗೆ ಬಂದವನು ಹಿತ್ತಿಲಲ್ಲಿ ಅಪ್ಪ ಬಳ್ಳಿ ಕಟ್ಟುತ್ತಿರುವುದನ್ನು ಕಂಡು, ಅಲ್ಲೇ ಕಲ್ಲಿನ ಮೇಲೆ ಕುಸಿದು ಅತ್ತುಬಿಟ್ಟ.

ಇಂದುಧರರು ಮೇಲಿನವರಿಗೆ ಏನನ್ನೂ ಮುಚ್ಚಿಡಲಿಲ್ಲ. ಬೆಳೆಯ ಪರೀಕ್ಷೆ ಸೋತಿದೆ, ಟೊಮೆಟೊ ಒಂದೂ ಉಳಿದಿಲ್ಲ, ಅನುಮತಿಯಿಲ್ಲದೆ ಮಟ್ಟ ಬದಲಿಸಿದ್ದು ನಾನೇ ಎಂದು ತಿಳಿಸಿದರು. ಅದರ ಜೊತೆಗೆ ಆ ಗಲ್ಲಿಗಳಲ್ಲಿ ನಡೆದದ್ದನ್ನೂ ತಿಳಿಸಿದರು. ಬಹಳ ದಿನ ಏನೂ ಉತ್ತರ ಬರಲಿಲ್ಲ. ಹಾಳೆಯ ಕೆಲಸ ನಿಂತಿತೆಂದೇ ಇಬ್ಬರೂ ತಿಳಿದಿದ್ದರು. ಮುಂಗಾರು ಕೂತ ಮೇಲೆ ಮೂವರು ಅಧಿಕಾರಿಗಳು ಶಹಾಬಾದಿಗೆ ಬಂದರು. ಗಿಡಗಳನ್ನು ಅಷ್ಟಾಗಿ ನೋಡಲಿಲ್ಲ. ಎಲ್ಲಿ ಕೂತಿದ್ದಿರಿ, ಎಷ್ಟು ಜನ, ನೀರು ಎಲ್ಲಿಂದ ತಂದಿರಿ ಎಂದು ಮನೆಮನೆಯಲ್ಲೂ ಕೇಳಿದರು. ಬರುವ ಬೇಸಿಗೆಗೆ ಊರಿನ ಎಲ್ಲ ಓಣಿಗಳಿಗೂ ಹಾಳೆಮನೆ ಬೇಕು, ಅರ್ಧ ಬಳ್ಳಿಗೆ, ಅರ್ಧ ಮನುಷ್ಯರಿಗೆ. ಹಾಗೆ ಮಾಡಲಾದೀತೇ ಎಂದು ಹೋಗುವಾಗ ನೀಲಗಂಗಾಳನ್ನು ಕೇಳಿದರು. ಆದೀತು ಎಂದಳು. ಹೇಗೆಂದು ಅವಳಿಗೆ ಆಗ ಪೂರ್ತಿ ಗೊತ್ತಿರಲಿಲ್ಲ.

ಶ್ರಾವಣದ ಒಂದು ಸಂಜೆ ಅವಳು ಸ್ಟೇಷನ್ನಿನಿಂದ ನಡೆದು ಬರುತ್ತಿದ್ದಾಗ ಖಣಿಯ ಅಂಚಿನಲ್ಲಿ ಯಾರೋ ಕೂತಂತೆ ಕಂಡಿತು. ಓಡುತ್ತ ಹೋಗಿ ನೋಡಿದರೆ ಖುತೀಜಾಬೀ. ಜಿಟಿಜಿಟಿ ಮಳೆಯಲ್ಲಿ ಛತ್ರಿಯನ್ನು ಮಡಚಿ ಪಕ್ಕದಲ್ಲಿಟ್ಟುಕೊಂಡು, ಕೆಳಗಿನ ನೀರನ್ನು ನೋಡುತ್ತಿದ್ದಳು.

“ಖಾಲಾ, ಇಲ್ಲೇನ್ ಮಾಡ್ಲತ್ತೀರಿ?” ಎಂದು ನೀಲಗಂಗಾ ಮೆಲ್ಲಗೆ ಕೇಳಿದಳು.

“ಕೂಡು, ನೀಲಾ.” ಖುತೀಜಾಬೀ ಪಕ್ಕದ ಕಲ್ಲನ್ನು ಕೈಯಿಂದ ಒರೆಸಿದಳು. ನೀರಿನ ಮೇಲೆ ಹನಿಗಳು ಬಿದ್ದು ಉಂಗುರಗಳಾಗುತ್ತಿದ್ದವು. “ಆ ಅಡ್ಡಗಟ್ಟಿ ನೋಡು,” ಎಂದು ಆಕೆ ನೀರಿಗೆ ಎರಡಾಳು ಮೇಲೆ, ಕಲ್ಲು ಕೊರೆದು ಬಿಟ್ಟ ಅಗಲವಾದ ಹಾಸನ್ನು ತೋರಿಸಿದಳು. “ಅಲ್ಲಿ ನಿನ್ನ ಹಾಳಿ ಹೊದಿಸ್ಬೌದೇನು?”

ನೀಲಗಂಗಾ ಬಗ್ಗಿ ನೋಡಿದಳು. ಪಡುವಣ ಗೋಡೆ ಮಧ್ಯಾಹ್ನದ ಬಿಸಿಲನ್ನು ತಡೆಯುತ್ತದೆ. ನೀರು ಕೊಡ ಇಳಿಬಿಟ್ಟರೆ ಸಿಗುವಷ್ಟು ಹತ್ತಿರ. ಗಾಳಿ ನೀರಿನ ಮೇಲಿಂದಲೇ ತಣಿದು ಬರುತ್ತದೆ. ಓಣಿಗೆ ಓಣಿಯೇ ಕೂರುವಷ್ಟು ಜಾಗ. ಇಷ್ಟು ವರ್ಷ ಕಲಿತದ್ದೆಲ್ಲ ಹೌದು ಎನ್ನುತ್ತಿತ್ತು. ಆದರೂ ಅಲ್ಲಿ ಹಿಡಿ ಮಣ್ಣಿಲ್ಲವಲ್ಲ ಖಾಲಾ, ಬರೀ ಕಲ್ಲು ಎಂದಳು.

“ಮಣ್ಣು ಹೊತ್ತು ತರಬೌದು. ಸುತ್ತ ಗಟ್ಟಿ ಕಂಬಿ ಹಾಕ್ಸು, ಹುಡುಗ್ರು ನೀರಿಗಿ ಇಳೀಬಾರ್ದು. ಅದೊಂದ್ ಮಾಡು.” ಖುತೀಜಾಬೀ ಎದ್ದು ನಿಂತು ಸೀರೆಯ ನೆರಿಗೆ ಮೇಲೆತ್ತಿ ಸಿಕ್ಕಿಸಿಕೊಂಡಳು. “ಕೈ ಹಿಡಿ. ಕೆಳಗ ಹೋಗಿ ನೋಡೋಣ.”

ಇಬ್ಬರೂ ಪಡುವಣ ಬದಿಯ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದರು. ಖುತೀಜಾಬೀಯ ಹಿಡಿತ ಬಿಗಿಯಾಗಿತ್ತು, ಬೆರಳುಗಳು ತಣ್ಣಗಿದ್ದವು. ಹಾಸಿನ ಮೇಲೆ ಬಂದರೂ ಆಕೆ ನಿಲ್ಲಲಿಲ್ಲ. ಇನ್ನೂ ಕೆಳಕ್ಕೆ, ನೀರಿನ ಅಂಚಿನವರೆಗೂ ಹೋಗಿ ಕುಕ್ಕರುಗಾಲಲ್ಲಿ ಕೂತಳು. ಮೆಲ್ಲಗೆ ಬಗ್ಗಿ ಅಂಗೈಯನ್ನು ನೀರಿನಲ್ಲಿಟ್ಟಳು, ಜ್ವರ ಬಂದ ಮಗನ ಹಣೆ ಮುಟ್ಟಿ ನೋಡುವ ಹಾಗೆ. ಬಹಳ ಹೊತ್ತು ಹಾಗೆಯೇ ಇಟ್ಟಿದ್ದಳು. ಆಮೇಲೆ ಒದ್ದೆ ಕೈಯಿಂದ ಮುಖ ಒರೆಸಿಕೊಂಡು, ಕಂಬಿ ಎಲ್ಲಿಂದ ಎಲ್ಲಿಯವರೆಗೆ ಬೇಕೆಂದು ನೀಲಗಂಗಾಳಿಗೆ ತೋರಿಸತೊಡಗಿದಳು.